ಎತ್ತರದ ಎಸ್‌ಯುವಿ ಇಳಿಸುವ ಆಸೆ: ವ್ಹೀಲ್, ಟೈರ್, ಬ್ರೇಕ್ ಲೆಕ್ಕ ತಪ್ಪದಿರಲಿ

 

ಈ ಸಲದ ಪ್ರಶ್ನೆ ಬಂದಿರೋದು ಅಮೆರಿಕದ ಟೆಕ್ಸಸ್‌ನಿಂದ. ಡಲ್ಲಾಸ್ ಹತ್ತಿರ ಇರುವ ಕನ್ನಡಿಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅವರ ಬಳಿ 2012ರ ಷೆವರ್ಲೆ ಟಾಹೋ ಇದೆ. ದಾವಣಗೆರೆಯಿಂದ ಅಮ್ಮ ಬಂದಿದ್ದಾರಂತೆ. ಮಂಡಿನೋವು, ಗಾಡಿ ಹತ್ತೋದೇ ಕಷ್ಟ. ‘ಗಾಡೀನ ನಾಲ್ಕು ಇಂಚು ಇಳಿಸಿ, 24 ಇಂಚಿನ ವ್ಹೀಲ್ ಹಾಕಿಸೋಣ ಅಂತಿದ್ದೀನಿ. ಅಮ್ಮನಿಗೂ ಅನುಕೂಲ, ನೋಡೋಕೂ ಚೆಂದ. ಏನೇನು ನೋಡ್ಕೋಬೇಕು ಹೇಳಿ ಸರ್’ ಅಂತ ಕೇಳಿದ್ದಾರೆ. ಇದರಲ್ಲಿ ಅಮ್ಮನ ಮಂಡಿನೋವು ಎಷ್ಟು, ಮಗನ ಆಸೆ ಎಷ್ಟು ಅಂತ ನಾವು ವಿಚಾರಣೆ ಮಾಡೋದು ಬೇಡ. ಎರಡೂ ನ್ಯಾಯವಾದದ್ದೇ.

ಮೊದಲು ಅಮ್ಮನ ವಿಷಯ ಮುಗಿಸಿಬಿಡ್ತೀನಿ. ಮುಂದಿನ ಬಾಗಿಲ ಹತ್ತಿರ ಗಾಡಿ ಎರಡು ಇಂಚು ಇಳಿದರೆ ಕಾಲು ಎತ್ತುವ ಎತ್ತರ ಕಡಿಮೆಯಾಗೋದು ಐದು ಸೆಂಟಿಮೀಟರ್ ಅಷ್ಟೇ. ಮಂಡಿನೋವು ಇರೋರಿಗೆ ಅದು ಏನೇನೂ ಸಾಲದು. ಬದಿಯಲ್ಲಿ ಒಂದು ಒಳ್ಳೆಯ ಫುಟ್‌ಬೋರ್ಡು, ಕೈಗೆ ಸಿಗುವ ಹಾಗೆ ಗಟ್ಟಿ ಹಿಡಿಕೆ, ಇವೆರಡು ಇದ್ದರೆ ಒಂದು ದೊಡ್ಡ ಹೆಜ್ಜೆ ಎರಡು ಸಣ್ಣ ಹೆಜ್ಜೆ ಆಗುತ್ತೆ. ಅದರ ಖರ್ಚು ಗಾಡಿ ಇಳಿಸುವ ಖರ್ಚಿನ ಒಂದು ಭಾಗವೂ ಆಗೋದಿಲ್ಲ. ಹಾಗಾಗಿ ಅದನ್ನ ಈ ವಾರವೇ ಮಾಡಿಸಿ. ಉಳಿದದ್ದು ಆಸೆಯ ಲೆಕ್ಕ. ಅದನ್ನೂ ಸರಿಯಾಗಿ ಮಾಡೋಣ.

ಟಾಹೋ ಎಂಥ ಗಾಡಿ ಅಂತ ಇಲ್ಲಿಯವರಿಗೆ ಒಂದು ಅಂದಾಜು ಬೇಕು. ನಮ್ಮ ರಸ್ತೆಗಳಲ್ಲಿ ದೊಡ್ಡದು ಅನ್ನಿಸೋ ಟೊಯೊಟಾ ಫಾರ್ಚೂನರ್ ಉದ್ದ 4.8 ಮೀಟರ್ ಆಸುಪಾಸು. ಈ ಟಾಹೋ 5.1 ಮೀಟರ್‌ಗೂ ಹೆಚ್ಚು, ಅಗಲ ಎರಡು ಮೀಟರ್. ಖಾಲಿ ಗಾಡಿಯ ತೂಕವೇ ಎರಡೂವರೆ ಟನ್ ಹತ್ತಿರ. ಏಳೆಂಟು ಜನ, ಸೂಟ್‌ಕೇಸು ತುಂಬಿಸಿದರೆ ಮೂರು ಟನ್ ದಾಟುತ್ತೆ. ಇದೇ ಕಂಪನಿಯ ಪಿಕಪ್ ಟ್ರಕ್ಕಿನ ಚಾಸಿಯ ಸಂಬಂಧಿ ಇದು. ಅಂದ್ರೆ ಮೇಲೆ ಕಾರು, ಕೆಳಗೆ ಲಾರಿಯ ಜಾತಿ. ಈ ಮಾತನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದಿನ ಎಲ್ಲಾ ಲೆಕ್ಕವೂ ಈ ತೂಕದ ಸುತ್ತಲೇ ತಿರುಗುತ್ತೆ.

ಗಾಡಿ ಇಳಿಸುವ ಹುಚ್ಚು ಹೊಸದೇನಲ್ಲ ಬಿಡಿ. ಎರಡನೇ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಯುವಕರು ಹಳೇ ಕಾರುಗಳನ್ನ ನೆಲಕ್ಕೆ ತಾಗುವಷ್ಟು ಇಳಿಸಿ ಬೀದಿಯಲ್ಲಿ ನಿಧಾನಕ್ಕೆ ಓಡಿಸ್ತಿದ್ದರು. 1950ರ ದಶಕದ ಕೊನೆಯಲ್ಲಿ ಅಲ್ಲಿನ ಸರ್ಕಾರ, ಗಾಡಿಯ ಯಾವ ಭಾಗವೂ ರಿಮ್‌ನ ಕೆಳಅಂಚಿಗಿಂತ ಕೆಳಗೆ ಬರಬಾರದು ಅಂತ ಕಾನೂನು ಮಾಡಿತು. ಹುಡುಗರು ಏನು ಮಾಡಿದ್ರು ಗೊತ್ತಾ? ಹೈಡ್ರಾಲಿಕ್ ಪಂಪು ಕೂರಿಸಿದ್ರು. ಪೊಲೀಸ್ ಕಂಡರೆ ಸ್ವಿಚ್ ಒತ್ತಿದರೆ ಗಾಡಿ ಮೇಲೆ, ಪೊಲೀಸ್ ಹೋದ ಮೇಲೆ ಕೆಳಗೆ. ಆ ಕಾನೂನನ್ನ ಕ್ಯಾಲಿಫೋರ್ನಿಯಾ ತೆಗೆದುಹಾಕಿದ್ದು 2024ರ ಜನವರಿಯಿಂದ.

ಈಗ ಕೆಲಸದ ಮಾತು. 2007ರಿಂದ 2014ರವರೆಗಿನ ಟಾಹೋದಲ್ಲಿ ಮುಂದಿನ ಎರಡು ಚಕ್ರಗಳು ಸ್ವತಂತ್ರ. ಶಾಕ್‌ಅಬ್ಸಾರ್ಬರ್ ಮೇಲೇ ಕಾಯಿಲ್ ಸ್ಪ್ರಿಂಗ್ ಕೂತಿರುತ್ತೆ. ಹಿಂದೆ ಮಾತ್ರ ಒಂದೇ ಗಟ್ಟಿ ಆಕ್ಸಲ್, ಅದಕ್ಕೂ ಕಾಯಿಲ್ ಸ್ಪ್ರಿಂಗ್. ಆದ್ದರಿಂದ ಮುಂದೆ ಇಳಿಸುವ ರೀತಿಯೇ ಬೇರೆ, ಹಿಂದೆ ಇಳಿಸುವ ರೀತಿಯೇ ಬೇರೆ.

ಮುಂದೆ ಇಳಿಸೋಕೆ ಎರಡು ದಾರಿ. ಒಂದು, ಗಿಡ್ಡ ಸ್ಪ್ರಿಂಗ್ ಅಥವಾ ಇಳಿಸೋಕೆ ಅಂತಲೇ ಮಾಡಿದ ಶಾಕ್ ಜೋಡಿ. ಇನ್ನೊಂದು, ಚಕ್ರದ ಹಬ್ ಕೂರುವ ಸ್ಪಿಂಡಲ್ ಅನ್ನೇ ಬದಲಾಯಿಸೋದು. ಹಬ್ ಕೂರುವ ಜಾಗ ಎರಡು ಇಂಚು ಮೇಲಕ್ಕೆ ಬಂದಿರುವ ಸ್ಪಿಂಡಲ್ ಹಾಕಿದರೆ ಗಾಡಿ ಅಷ್ಟೇ ಕೆಳಗೆ ಬರುತ್ತೆ. ಆದರೆ ಸ್ಪ್ರಿಂಗ್, ಆರ್ಮ್‌ಗಳ ಕೋನ, ಚಕ್ರ ಮೇಲೆ ಕೆಳಗೆ ಓಡುವ ಅಂತರ ಎಲ್ಲಾ ಮೊದಲಿನ ಹಾಗೇ ಉಳಿಯುತ್ತೆ. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ದುಡ್ಡು ಜಾಸ್ತಿ, ಕೆಲಸವೂ ಜಾಸ್ತಿ, ನಿಜ. ಇಂಥ ಸ್ಪಿಂಡಲ್‌ಗಳು ಸಾಮಾನ್ಯವಾಗಿ ಸಿಗೋದು ಟು ವ್ಹೀಲ್ ಡ್ರೈವ್ ಗಾಡಿಗೆ. ಫೋರ್ ವ್ಹೀಲ್ ಡ್ರೈವ್ ಆದರೆ ಮುಂದೆ ಎಂಜಿನ್ನಿಂದ ಚಕ್ರಕ್ಕೆ ಹೋಗುವ ಶಾಫ್ಟ್‌ಗಳ ಕೋನವನ್ನೂ ನೋಡಬೇಕು, ಅಲ್ಲಿ ಬಹಳ ಇಳಿಸೋ ಹಾಗಿಲ್ಲ.

ಮೂರನೇ ದಾರಿಯೂ ಒಂದಿದೆ, ಅದನ್ನ ಹೇಳೋಕೇ ಬೇಜಾರು. ಇರುವ ಸ್ಪ್ರಿಂಗಿನ ಒಂದೆರಡು ಸುತ್ತು ಕತ್ತರಿಸೋದು, ಇಲ್ಲಾ ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಕೂರಿಸೋದು. ಸ್ಪ್ರಿಂಗ್ ಉಕ್ಕಿಗೆ ಹದ ಅಂತ ಒಂದಿರುತ್ತೆ. ಕಾಯಿಸಿದ ಜಾಗದಲ್ಲಿ ಆ ಹದ ಹೋಗುತ್ತೆ. ಇವತ್ತು ಕೂತ ಸ್ಪ್ರಿಂಗ್ ಆರು ತಿಂಗಳಿಗೆ ಇನ್ನೂ ಕೂರುತ್ತೆ, ಇಲ್ಲಾ ಒಂದಿನ ಮುರಿಯುತ್ತೆ. ಎರಡೂವರೆ ಟನ್ನಿನ ಗಾಡಿಗೆ ಈ ಕೆಲಸ ಮಾಡಿಕೊಡ್ತೀನಿ ಅನ್ನೋ ಗ್ಯಾರೇಜಿನಿಂದ ಸುಮ್ಮನೆ ಗಾಡಿ ತಿರುಗಿಸಿಕೊಂಡು ಬನ್ನಿ.

ಹಿಂದೆ ಇಳಿಸೋದು ನೋಡೋಕೆ ಸುಲಭ. ಗಿಡ್ಡ ಸ್ಪ್ರಿಂಗ್ ಹಾಕಿದರೆ ಆಯ್ತು ಅಂತಾರೆ. ಆಗೋದಿಲ್ಲ. ಮೂಲ ಶಾಕ್‌ಅಬ್ಸಾರ್ಬರ್ ಎತ್ತರದ ಗಾಡಿಗೆ ಅಂತ ಮಾಡಿದ್ದು, ಇಳಿಸಿದ ಮೇಲೆ ಅದು ಅರ್ಧ ಒಳಗೇ ಹೋಗಿ ಕೂತಿರುತ್ತೆ. ಒಂದು ಹಂಪು ಬಂದರೆ ತಳ ಹೊಡೆದು ಸತ್ತೇ ಹೋಗುತ್ತೆ. ಹಾಗಾಗಿ ಗಿಡ್ಡ ಶಾಕ್ ಬೇಕು. ಆಕ್ಸಲ್ ಬಂದು ಬಡಿಯದ ಹಾಗೆ ತಡೆಯುವ ರಬ್ಬರಿನ ಉಂಡೆ ಇರುತ್ತಲ್ಲಾ, ಅದನ್ನೂ ಗಿಡ್ಡದಕ್ಕೆ ಬದಲಾಯಿಸಬೇಕು. ಇಲ್ಲದಿದ್ದರೆ ಗಾಡಿ ಓಡೋದು ಸ್ಪ್ರಿಂಗ್ ಮೇಲಲ್ಲ, ರಬ್ಬರಿನ ಮೇಲೆ.

ಇನ್ನೊಂದು ವಿಷಯ ಬಹಳ ಜನ ಮರೀತಾರೆ. ಹಿಂದಿನ ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಹಿಡಿಯೋಕೆ ಒಂದು ಅಡ್ಡ ಸರಳಿದೆ. ಅದರ ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಆಕ್ಸಲ್‌ಗೆ. ಗಾಡಿ ಇಳಿದಾಗ ಆ ಸರಳಿನ ಕೋನ ಬದಲಾಗಿ ಇಡೀ ಆಕ್ಸಲ್ ಒಂದು ಪಕ್ಕಕ್ಕೆ ಸ್ವಲ್ಪ ಸರಿಯುತ್ತೆ. ಮೊದಲೆಲ್ಲಾ ಗೊತ್ತಾಗದ ಆ ವ್ಯತ್ಯಾಸ ಅಗಲದ ಟೈರು ಹಾಕಿದ ಮೇಲೆ ಎದ್ದು ಕಾಣುತ್ತೆ. ಒಂದು ಕಡೆ ಟೈರು ಮಡ್‌ಗಾರ್ಡಿಗೆ ಉಜ್ಜುತ್ತೆ, ಇನ್ನೊಂದು ಕಡೆ ಬೆರಳು ತೂರುವಷ್ಟು ಜಾಗ. ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಸರಳು ಸಿಗುತ್ತೆ. ಅದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕೆಲವು ಟಾಹೋಗಳಲ್ಲಿ ಕಂಪ್ಯೂಟರ್ ಹಿಡಿತದ ಶಾಕ್‌ಗಳು ಇರುತ್ತವೆ, ಅವನ್ನ ತೆಗೆದರೆ ಮೀಟರ್ ಬೋರ್ಡಿನಲ್ಲಿ ಎಚ್ಚರಿಕೆ ಬರುತ್ತೆ. ನಿಮ್ಮದು ಯಾವುದು ಅಂತ ಸಾಮಾನು ತರಿಸುವ ಮೊದಲೇ ನೋಡಿ.

ಎಷ್ಟು ಇಳಿಸಬೇಕು? ಕೇಳುಗರು ನಾಲ್ಕು ಇಂಚು ಅಂದಿದ್ದಾರೆ. ನಾನು ಮುಂದೆ ಎರಡು, ಹಿಂದೆ ಮೂರು ಅಂತೀನಿ. ಹಿಂದೆ ಯಾಕೆ ಹೆಚ್ಚು ಅಂದ್ರೆ, ಕಂಪನಿಯಿಂದ ಬರುವಾಗಲೇ ಈ ಗಾಡಿಯ ಹಿಂಭಾಗ ಸ್ವಲ್ಪ ಎದ್ದಿರುತ್ತೆ. ಅದು ಡಿಸೈನ್ ಮಾಡಿದವರ ತಪ್ಪಲ್ಲ. ಜನ, ಸಾಮಾನು ತುಂಬಿದಾಗ ಹಿಂಭಾಗ ಕುಸಿದು ಸಮ ಆಗಲಿ ಅಂತ ಬಿಟ್ಟಿರುವ ಜಾಗ ಅದು. ಖಾಲಿ ಗಾಡಿ ನಿಂತಾಗ ಚೆಂದ ಕಾಣಲಿ ಅಂತ ಆ ಜಾಗವನ್ನ ಪೂರ್ತಿ ತಿಂದುಬಿಟ್ಟರೆ, ಏರ್‌ಪೋರ್ಟಿನಿಂದ ಅಮ್ಮನ ನಾಲ್ಕು ಸೂಟ್‌ಕೇಸು ಹೊತ್ತುಕೊಂಡು ಬರುವಾಗ ಹಿಂಭಾಗ ನೆಲ ಕೆರೆಯುತ್ತೆ, ಮುಂದಿನ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಟ್ರೇಲರ್ ಎಳೆಯುವ ಅಭ್ಯಾಸ ಇದ್ದರಂತೂ ಹಿಂದೆ ಎರಡೇ ಇಂಚಿಗೆ ನಿಲ್ಲಿಸಿ.

ಇಳಿಸೋದರಿಂದ ಲಾಭವೇ ಇಲ್ಲವಾ? ಇದೆ. ಭಾರದ ಕೇಂದ್ರ ಕೆಳಗೆ ಬಂದರೆ ತಿರುವಿನಲ್ಲಿ ಗಾಡಿ ಓಲಾಡೋದು ಕಡಿಮೆ. ಅಮೆರಿಕದ ಪೊಲೀಸರಿಗೆ ಅಂತಲೇ ಷೆವರ್ಲೆ ಮಾಡ್ತಿದ್ದ ಇದೇ ಪೀಳಿಗೆಯ ಟಾಹೋ ಕೂಡ ಸಾಮಾನ್ಯ ಟಾಹೋಗಿಂತ ತಗ್ಗಾಗಿಯೇ ಇತ್ತು. ಅದರ ವ್ಹೀಲ್ ಎಷ್ಟು ಇಂಚು ಗೊತ್ತಾ? 17. ಉಕ್ಕಿನ ರಿಮ್ಮು, 265/60 ಆರ್17 ಟೈರು. ಕಳ್ಳರನ್ನ ಅಟ್ಟಿಸಿಕೊಂಡು ಹೋಗುವ ಗಾಡಿಗೆ 24 ಇಂಚು ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಅಲ್ಲಿಂದ ವ್ಹೀಲ್‌ಗೆ ಬರೋಣ. ಟಾಹೋಗೆ ಆರು ಬೋಲ್ಟು, ಅವು ಕೂರುವ ವೃತ್ತದ ವ್ಯಾಸ 139.7 ಮಿ.ಮೀ. ಫಾರ್ಚೂನರ್‌ಗೂ ಆರು ಬೋಲ್ಟು, 139.7 ಮಿ.ಮೀ.! ಹಾಗಾದ್ರೆ ಅದರ ವ್ಹೀಲ್ ಇದಕ್ಕೆ ಕೂರುತ್ತಾ? ಕೂತ ಹಾಗೆ ಕಾಣುತ್ತೆ, ಅಪಾಯ ಇರೋದೇ ಅಲ್ಲಿ. ಮಧ್ಯದ ತೂತು ಟಾಹೋದಲ್ಲಿ 78.1 ಮಿ.ಮೀ., ಫಾರ್ಚೂನರ್‌ನಲ್ಲಿ 106.1. ಬೋಲ್ಟಿನ ದಪ್ಪವೂ ಬೇರೆ, ಇದರಲ್ಲಿ 14 ಮಿ.ಮೀ., ಅದರಲ್ಲಿ 12. ಮಧ್ಯದ ತೂತು ಹಬ್ ಮೇಲೆ ಬಿಗಿಯಾಗಿ ಕೂತರೆ ವ್ಹೀಲ್ ತಾನಾಗೇ ನಡುವಿಗೆ ಬರುತ್ತೆ. ತೂತು ದೊಡ್ಡದಿದ್ದರೆ ಆ ಅಳತೆಯ ರಿಂಗ್ ಹಾಕಬೇಕು, ಇಲ್ಲದಿದ್ದರೆ ಹೆದ್ದಾರಿಯಲ್ಲಿ ಸ್ಟೇರಿಂಗ್ ನಡುಗುತ್ತೆ. ಬ್ಯಾಲೆನ್ಸಿಂಗ್ ಮಾಡಿಸಿ ಮಾಡಿಸಿ ಸುಸ್ತಾದರೂ ಕಾರಣ ಸಿಗೋದಿಲ್ಲ.

ಮುಂದಿನದು ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವಿಗೂ ಅದು ಹಬ್ಬಿಗೆ ತಾಗುವ ಮುಖಕ್ಕೂ ಇರುವ ಅಂತರ ಅದು. ಟಾಹೋದ ಮೂಲ ವ್ಹೀಲ್‌ಗಳಲ್ಲಿ ಇದು ಪ್ಲಸ್ 24ರಿಂದ 31 ಮಿ.ಮೀ. ಆಸುಪಾಸು. ಇದನ್ನ ಸೊನ್ನೆಗೆ ತಂದರೆ ವ್ಹೀಲ್ ಒಂದು ಇಂಚು ಹೊರಗೆ ಬರುತ್ತೆ. ಎತ್ತರಿಸಿದ ಜೀಪಿಗೆ ಅದು ನಡೆಯುತ್ತೆ. ಇಳಿಸಿದ ಗಾಡಿಗೆ ನಡೆಯೋದಿಲ್ಲ. ತಿರುವಿನಲ್ಲಿ ಟೈರಿನ ಹೊರಅಂಚು ಮಡ್‌ಗಾರ್ಡನ್ನ ಕಚ್ಚುತ್ತೆ, ಬೇರಿಂಗ್ ಮೇಲೆ ಭಾರವೂ ಹೆಚ್ಚು. ಕಂಪನಿಯ ಆಫ್‌ಸೆಟ್‌ಗೆ ಹತ್ತಿರವೇ ಇರಿ.

ಇನ್ನು ರಿಮ್ಮಿನ ಹಿಂಭಾಗದಲ್ಲಿ ಅದು ಎಷ್ಟು ಭಾರ ಹೊರುತ್ತೆ ಅಂತ ಅಚ್ಚಾಗಿರುತ್ತೆ. ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಅದನ್ನ ತಿರುಗಿಸಿ ನೋಡಿ. ಅಚ್ಚು ಇಲ್ಲದಿದ್ದರೆ ಆ ರಿಮ್ಮು ಎಷ್ಟೇ ಅಗ್ಗ ಇರಲಿ, ಬೇಡ.

ಟೈರಿನ ಲೆಕ್ಕಕ್ಕೆ ಸ್ವಲ್ಪ ನಿಧಾನ ಬೇಕು, ಯಾಕಂದ್ರೆ ಮನೆಯವರ ಜೀವ ಇರೋದು ಇಲ್ಲಿ. ಟಾಹೋಗೆ ಕಂಪನಿಯ ಒಂದು ಅಳತೆ 265/70 ಆರ್17. ಅದರ ವ್ಯಾಸ ಸುಮಾರು 803 ಮಿ.ಮೀ., ರಿಮ್ಮಿಗೂ ರಸ್ತೆಗೂ ನಡುವಿನ ರಬ್ಬರು 185 ಮಿ.ಮೀ. ಈಗ 22 ಇಂಚಿನ ರಿಮ್ಮಿಗೆ 305/40 ಹಾಕಿ. ವ್ಯಾಸ ಅದೇ 803, ರಬ್ಬರು 122ಕ್ಕೆ ಇಳಿಯುತ್ತೆ. ಕೇಳುಗರು ಕೇಳಿದ 24 ಇಂಚಿಗೆ 285/40 ಹಾಕಿದರೆ ವ್ಯಾಸ 838. ಇಳಿಸಿದ ಗಾಡಿಯಲ್ಲಿ ಈ 35 ಮಿ.ಮೀ. ಎಲ್ಲಿ ಹೋಗಬೇಕು? ಮಡ್‌ಗಾರ್ಡಿನೊಳಗೆ. 305/35 ಹಾಕಿದರೆ ವ್ಯಾಸ 823ಕ್ಕೆ ಬರುತ್ತೆ, ರಬ್ಬರು ಉಳಿಯೋದು 107 ಮಾತ್ರ. ಗುಂಡಿಗೆ ಬಿದ್ದರೆ ಪೆಟ್ಟು ರಿಮ್ಮಿಗೇ.

ಅದಕ್ಕಿಂತ ಮುಖ್ಯ ಭಾರದ ಸಂಖ್ಯೆ. ಟೈರಿನ ಪಕ್ಕದಲ್ಲಿ ಅಳತೆಯ ನಂತರ 111, 112, 116 ಹೀಗೆ ಒಂದು ಸಂಖ್ಯೆ ಇರುತ್ತೆ. 112 ಅಂದರೆ ಒಂದು ಟೈರು 1,120 ಕೆ.ಜಿ. ಹೊರುತ್ತೆ, 116 ಅಂದರೆ 1,250. ಆದರೆ ಇಲ್ಲಿ ಎರಡು ಕೊಕ್ಕೆ ಇವೆ. ಮೊದಲನೆಯದು, ಕಾರಿನ ಟೈರನ್ನ ಎಸ್‌ಯುವಿಗೋ ಟ್ರಕ್ಕಿಗೋ ಹಾಕುವಾಗ ಅಮೆರಿಕದ ನಿಯಮದ ಪ್ರಕಾರ ಆ ಭಾರವನ್ನ 1.1ರಿಂದ ಭಾಗಿಸಬೇಕು. 1,120 ಇದ್ದದ್ದು 1,018 ಆಯ್ತು. ಎರಡನೆಯದು, ಎಕ್ಸ್‌ಟ್ರಾ ಲೋಡ್ ಅಂತ ಬರುವ ಟೈರುಗಳು ಆ ಪೂರ್ತಿ ಭಾರ ಹೊರೋದು ಹೆಚ್ಚಿನ ಗಾಳಿ ಒತ್ತಡದಲ್ಲಿ, ಸುಮಾರು 41–42 ಪಿಎಸ್‌ಐನಲ್ಲಿ. ಹಳೇ ಟೈರಿಗೆ ಹೇಳಿದ್ದ ಗಾಳಿಯನ್ನೇ ಇದಕ್ಕೂ ಹಿಡಿಸಿದರೆ ಅದು ಹೊರುವ ಭಾರ ಇನ್ನೂ ಕಡಿಮೆ. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ ಎಷ್ಟು ಭಾರ ಅಂತ ಅದರಲ್ಲಿ ಬರೆದಿದೆ. ಹಿಂದಿನದು 1,900 ಕೆ.ಜಿ. ಅಂತಿಟ್ಟುಕೊಳ್ಳಿ. ಒಂದು ಚಕ್ರಕ್ಕೆ 950. ಆಗ 1,018 ಸಾಕು ಅನ್ನಿಸುತ್ತೆ, ಆದರೆ ಗಾಳಿ ಸರಿಯಾಗಿದ್ದರೆ ಮಾತ್ರ. ಟೆಕ್ಸಸ್‌ನ ಆಗಸ್ಟ್ ಬಿಸಿಲು, ಕಾದ ಟಾರು, ಗಾಡಿ ತುಂಬಾ ಜನ, ಗಾಳಿ ಕಡಿಮೆ... ಟೈರು ಸಿಡಿಯೋಕೆ ಇನ್ನೇನು ಬೇಕು? ಹಾಗಾಗಿ ನನ್ನ ಸಲಹೆ 22 ಇಂಚಿಗೆ ನಿಲ್ಲಿಸಿ. ಕಂಪನಿಯೇ ಇದೇ ಕುಟುಂಬದ ಕ್ಯಾಡಿಲಾಕ್ ಎಸ್ಕಲೇಡ್‌ಗೆ 22 ಇಂಚು, 285/45 ಕೊಡ್ತಿತ್ತು. 24ರ ಫೋಟೋ ಗೋಡೆಗೆ ಹಾಕ್ಕೊಳ್ಳಿ.

ಬ್ರೇಕ್ ಮಾತು ಕೊನೆಗೆ ಬಂತು, ಆದರೆ ದುಡ್ಡು ಖರ್ಚು ಮಾಡುವಾಗ ಇದು ಮೊದಲಿರಬೇಕು. ಎರಡೂವರೆ ಟನ್ ಗಾಡಿ ಗಂಟೆಗೆ 112 ಕಿ.ಮೀ.ನಲ್ಲಿ ಹೋಗ್ತಿದೆ, ಅಲ್ಲಿಯ 70 ಮೈಲಿ. ಅದನ್ನ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಮೂರೂವರೆ ಲೀಟರ್ ನಲ್ಲಿ ನೀರು ಕುದಿಯುವ ಮಟ್ಟಕ್ಕೆ ಬರಬಹುದು. ಒಂದೇ ಒಂದು ಸಲ ನಿಲ್ಲಿಸಿದ್ದಕ್ಕೆ! ಬ್ರೇಕ್ ಅಂದ್ರೆ ಶಾಖವನ್ನ ನುಂಗಿ ಗಾಳಿಗೆ ಬಿಡುವ ಯಂತ್ರ, ಅಷ್ಟೇ.

ದೊಡ್ಡ ಬ್ರೇಕ್ ಕಿಟ್ ಹಾಕಿದರೆ ಗಾಡಿ ಬೇಗ ನಿಲ್ಲುತ್ತೆ ಅಂತ ಎಲ್ಲರೂ ನಂಬಿದ್ದಾರೆ. ಚಕ್ರವನ್ನ ನಿಲ್ಲಿಸೋದು ಬ್ರೇಕ್, ಗಾಡಿಯನ್ನ ನಿಲ್ಲಿಸೋದು ಟೈರು. ಈಗಿರುವ ಬ್ರೇಕ್ ಗಟ್ಟಿಯಾಗಿ ತುಳಿದಾಗ ಎಬಿಎಸ್ ಕೆಲಸಕ್ಕೆ ಬರುತ್ತಿದ್ದರೆ, ಒಂದು ಸಲದ ತುರ್ತು ನಿಲುಗಡೆಗೆ ಅದಕ್ಕಿಂತ ಶಕ್ತಿ ಬೇಕಿಲ್ಲ. ದೊಡ್ಡ ಡಿಸ್ಕಿನ ಉಪಯೋಗ ಬರೋದು ಮತ್ತೆ ಮತ್ತೆ ತುಳಿದಾಗ. ಘಾಟಿ ಇಳಿಯುವಾಗ, ಟ್ರೇಲರ್ ಎಳೆಯುವಾಗ. ಚಾರ್ಮಾಡಿ ಇಳಿದವರಿಗೆ ಆ ಸುಟ್ಟ ವಾಸನೆ ಗೊತ್ತು. ಡಲ್ಲಾಸ್ ಸುತ್ತಮುತ್ತ ನೆಲ ಚಪ್ಪಟೆ.

ಆದರೆ ಇಲ್ಲಿ ವ್ಹೀಲ್ ಮತ್ತೆ ಅಡ್ಡ ಬರುತ್ತೆ. ವ್ಯಾಸ 803ರಿಂದ 838ಕ್ಕೆ ಹೋದರೆ ಅದೇ ಕಾಲಿನ ಒತ್ತಡಕ್ಕೆ ರಸ್ತೆಯಲ್ಲಿ ಸಿಗುವ ಹಿಡಿತ ನೂರಕ್ಕೆ ನಾಲ್ಕರಷ್ಟು ಕಡಿಮೆ. ಜೊತೆಗೆ 24 ಇಂಚಿನ ರಿಮ್ಮಿನ ತೂಕ ಹೊರಅಂಚಿನಲ್ಲಿ ಇರೋದರಿಂದ ತಿರುಗೋದನ್ನ ನಿಲ್ಲಿಸೋಕೂ ಹೆಚ್ಚು ಶ್ರಮ. ಅಂದ್ರೆ ವ್ಹೀಲ್ ದೊಡ್ಡದು ಮಾಡಿ ಬ್ರೇಕ್ ಹಾಗೇ ಬಿಟ್ಟರೆ, ದುಡ್ಡು ಕೊಟ್ಟು ಬ್ರೇಕನ್ನ ಹಾಳು ಮಾಡಿಕೊಂಡ ಹಾಗೆ.

22 ಇಂಚಿಗೆ ನಿಂತರೆ ಮಾಡಬೇಕಾದದ್ದು ಸರಳ. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯೋದಿಲ್ಲ, ನೀರಿನಂಶ ಹೀರಿಕೊಂಡ ಮೇಲೆ ಆ ಮಟ್ಟ 140ಕ್ಕೆ ಬೀಳುತ್ತೆ. ಡಾಟ್ 4 ಆದರೆ 230 ಮತ್ತು 155. ಆಯಿಲ್ ಕುದ್ದು ಗುಳ್ಳೆ ಬಂದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ನಂತರ ಒಳ್ಳೆಯ ಪ್ಯಾಡು, ಮೂಲ ಅಳತೆಯ ಒಳ್ಳೆಯ ಡಿಸ್ಕು. ತೂತು ಕೊರೆದ ಡಿಸ್ಕ್ ಚೆಂದ ಕಾಣುತ್ತೆ, ಆದರೆ ಭಾರದ ಗಾಡಿಯಲ್ಲಿ ತೂತಿನ ಸುತ್ತ ಬಿರುಕು ಬಿಡುವ ಸಾಧ್ಯತೆ ಇದೆ. ಹೊಸ ಪ್ಯಾಡನ್ನ ಖಾಲಿ ರಸ್ತೆಯಲ್ಲಿ 60ರಿಂದ 10 ಕಿ.ಮೀ. ವೇಗಕ್ಕೆ ಎಂಟ್ಹತ್ತು ಸಲ ನಿಧಾನವಾಗಿ ಇಳಿಸಿ, ಪೂರ್ತಿ ನಿಲ್ಲಿಸದೆ, ಹದ ಮಾಡಿ.

ಇಲ್ಲ, ಆರು ಪಿಸ್ಟನ್ನಿನ ದೊಡ್ಡ ಕ್ಯಾಲಿಪರ್ ಬೇಕೇ ಬೇಕು ಅಂದ್ರೆ, ವ್ಹೀಲ್‌ಗಿಂತ ಮೊದಲು ಅದನ್ನ ಆರಿಸಿ. ಕ್ಯಾಲಿಪರ್ ಮಾಡುವವರು ಕಾಗದದ ಅಚ್ಚು ಕೊಡ್ತಾರೆ, ಅದನ್ನ ರಟ್ಟಿಗೆ ಅಂಟಿಸಿ ರಿಮ್ಮಿನೊಳಗೆ ಹಿಡಿದು ನೋಡಬಹುದು. ನಿಮ್ಮ ಮಾಸ್ಟರ್ ಸಿಲಿಂಡರಿಗೆ ಹೊಂದುವ ಕಿಟ್ ಹೌದಾ ಅಂತಲೂ ಕೇಳಿ. ಪಿಸ್ಟನ್‌ಗಳ ಒಟ್ಟು ವಿಸ್ತೀರ್ಣ ಜಾಸ್ತಿಯಾದರೆ ಪೆಡಲ್ ಬಹಳ ಒಳಗೆ ಹೋಗುತ್ತೆ.

ಟೆಕ್ಸಸ್‌ನಲ್ಲಿ 2025ರ ಜನವರಿ 1ರಿಂದ ಖಾಸಗಿ ಗಾಡಿಗಳಿಗೆ ವರ್ಷಕ್ಕೊಮ್ಮೆ ಮಾಡುತ್ತಿದ್ದ ಸುರಕ್ಷತಾ ತಪಾಸಣೆ ಇಲ್ಲ. ಬ್ರೇಕು, ಟೈರು ನೋಡುತ್ತಿದ್ದ ಒಂದು ಕಣ್ಣು ಹೋಯ್ತು. ಈಗ ನೋಡಬೇಕಾದವರು ನೀವೇ. ಇನ್ಶೂರೆನ್ಸ್‌ನವರಿಗೆ ಮಾತ್ರ ಬದಲಾವಣೆ ತಿಳಿಸಿ, ಲಿಖಿತವಾಗಿ.

‘ನಮ್ಮ ಫಾರ್ಚೂನರ್‌ಗೂ ಹೀಗೆ ಮಾಡಿಸಬಹುದಾ’ ಅಂತ ಬೆಂಗಳೂರಿನಿಂದ ಕೇಳೋರು ಇರ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾನೂನು ಬಿಡಿ, ನಮ್ಮ ಬಡಾವಣೆಗಳ ಹಂಪುಗಳನ್ನ ಒಮ್ಮೆ ನೆನಪಿಸಿಕೊಳ್ಳಿ.

ಡಲ್ಲಾಸ್‌ನ ಕೇಳುಗರಿಗೆ ಕಡೆಯದಾಗಿ ಇನ್ನೆರಡು ಮಾತು. ಇಳಿಸಿದ ಮೇಲೆ ಸ್ಪ್ರಿಂಗ್ ಕೂರೋಕೆ ಕೆಲವು ದಿನ ಬಿಟ್ಟು ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಮಟ್ಟವನ್ನೂ ಸರಿ ಮಾಡಿಸಿ. ಚಕ್ರದ ನಟ್ಟುಗಳನ್ನ ಟಾರ್ಕ್ ರೆಂಚಿನಲ್ಲಿ 190 ನ್ಯೂಟನ್ ಮೀಟರ್‌ಗೆ ಬಿಗಿಸಬೇಕು, ಅಲ್ಲಿಯ ಲೆಕ್ಕದಲ್ಲಿ 140 ಪೌಂಡ್ ಅಡಿ. ಹೊಸ ಅಲಾಯ್ ವ್ಹೀಲ್ ಹಾಕಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಒಂದೆರಡು ನಟ್ಟು ಸಡಿಲ ಆಗಿರೋದು ಸಾಮಾನ್ಯ. ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸಿ, ಫುಟ್‌ಬೋರ್ಡು ಹಾಕಿಸಿದ ಮೇಲೆ ಹೇಗಿದೆ ಅಂತ ಅವರ ದನಿಯಲ್ಲೇ ಒಂದು ಮೆಸೇಜ್ ಕಳಿಸಿ.